ಪ್ರಯೋಗವೂ ಉಪಸಂಹಾರವೂ

ಮಹಾಭಾರತದ ಸೌಪ್ತಿಕಪರ್ವದಲ್ಲಿ ಬ್ರಹ್ಮಶಿರವೆಂಬ ಅಸ್ತ್ರವನ್ನು ಬಿಟ್ಟವರು ಇಬ್ಬರು. ಬಿಟ್ಟುದನ್ನು ಹಿಂದೆಗೆಯಬಲ್ಲವನು ಅರ್ಜುನನೊಬ್ಬನೇ. ಅಶ್ವತ್ಥಾಮನು ಪ್ರಯೋಗವನ್ನು ಬಲ್ಲನು, ಉಪಸಂಹಾರವನ್ನು ಅರಿಯನು. ಅದರ ಫಲವನ್ನು ಉಂಡದ್ದು ಉತ್ತರೆಯ ಗರ್ಭ. ಹೊಸೂರು ರಸ್ತೆಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಣಕಯಂತ್ರಗಳೆದುರು ರಾತ್ರಿ ಕಳೆಯುವ ತರುಣರಿಗೆ, ಅವರು ಓದಿರಲಿ ಬಿಡಲಿ, ಈ ಕಥೆಯು ಬಹಳ ಹತ್ತಿರದ್ದು.

ಯಂತ್ರವು ನಡೆಸತಕ್ಕ ಆಜ್ಞೆಗಳನ್ನು ಸಾಲುಸಾಲಾಗಿ ಬರೆದಿಟ್ಟ ಓಲೆಗೆ ಸ್ಕ್ರಿಪ್ಟ್ ಎಂದು ಹೆಸರು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮೊದಲಾದ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿಯೂ ಅದರ ಜಾಡಿನಲ್ಲಿ ಬಂದ ಲಿನಕ್ಸಿನಲ್ಲಿಯೂ, ಸಾಲಿನ ಕೊನೆಗೆ ಆಂಪರ್ಸ್ಯಾಂಡ್ ಎಂಬ ಚಿಹ್ನೆಯನ್ನು ಇಟ್ಟರೆ ಸಾಕು. ಆ ಕೆಲಸವು ತೆರೆಯ ಹಿಂದಕ್ಕೆ ಸರಿಯುವುದು, ಸ್ಕ್ರಿಪ್ಟು ಮುಂದಿನ ಸಾಲಿಗೆ ನಡೆಯುವುದು. ಹೀಗೆ ಮರೆಯಲ್ಲಿ ಎಡೆಬಿಡದೆ ದುಡಿಯುವುದಕ್ಕೆ ‘ಡೀಮನ್’ ಎನ್ನುವರು. ಭೌತಶಾಸ್ತ್ರಜ್ಞನಾದ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ, ಅಣುಗಳನ್ನು ವಿಂಗಡಿಸುವ ಭೂತವೇ ಈ ಹೆಸರಿಗೆ ಮೂಲ. ದೆವ್ವವೆಂದು ತಿಳಿದರೆ ತಪ್ಪಾದೀತು. ಕರಾವಳಿಯವರು ಭೂತವೆಂಬ ಮಾತಿಗೆ ಕೊಡುವ ಅರ್ಥವು ಇದಕ್ಕೆ ಸಮೀಪ.

ಆರಂಭಕ್ಕೆ ಒಂದು ಚಿಹ್ನೆ ಸಾಕು. ನಿಲ್ಲಿಸುವುದೇ ವಿದ್ಯೆ. ಹುಟ್ಟುವಾಗಲೇ ಪ್ರತಿಯೊಂದು ಕೆಲಸಕ್ಕೂ ಯಂತ್ರವು ಒಂದು ಅಂಕಿಯನ್ನು ಕೊಡುವುದು. ಬಲ್ಲವನು ಆ ಕ್ಷಣದಲ್ಲಿಯೇ ಅದನ್ನು ಒಂದು ಕಡತದಲ್ಲಿ ಬರೆಸಿಡುವನು. ಆದರೆ ಅಂಕಿಗಳು ಅಕ್ಷಯವಲ್ಲ. ಮಿತಿ ಮುಟ್ಟಿದ ಮೇಲೆ ಎಣಿಕೆಯು ಮತ್ತೆ ಕೆಳಗಿನಿಂದ ತೊಡಗಿ, ಸತ್ತವರ ಅಂಕಿಗಳು ಹೊಸಬರಿಗೆ ಸಲ್ಲುವವು. ಹಳೆಯ ಕಡತವನ್ನು ನಂಬಿ ಕೈಯೆತ್ತಿದರೆ ಪೆಟ್ಟು ಬೀಳುವುದು ಯಾವುದೋ ನಿರಪರಾಧಿಯ ಮೇಲೆ. ಆದಕಾರಣ ಅಂಕಿಯೊಡನೆ ಹೆಸರನ್ನೂ ತಾಳೆ ನೋಡತಕ್ಕದ್ದು.

ನಿಲ್ಲಿಸುವ ಆಜ್ಞೆಗೆ ‘ಕಿಲ್’ ಎಂದು ಹೆಸರು. ಇಷ್ಟು ಕಠೋರವಾದ ಹೆಸರು ಬೇಕಿರಲಿಲ್ಲ. ಬೇರೇನೂ ಹೇಳದಿದ್ದರೆ ಅದು ಕಳುಹಿಸುವುದು 15ನೆಯ ಸಂಜ್ಞೆಯನ್ನು, ‘ಮುಗಿಸಿಕೊಂಡು ಹೊರಡು’ ಎಂಬ ಸೂಚನೆಯನ್ನು. 9ನೆಯದು ಹಾಗಲ್ಲ. ಅದನ್ನು ತಡೆಯಲು, ಕೇಳಿಸಿಕೊಳ್ಳಲು ಕೂಡ, ಕೆಲಸಕ್ಕೆ ಅವಕಾಶವಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಸಂಬಳದ ಲೆಕ್ಕವನ್ನು ಬರೆಯುತ್ತಿದ್ದ ಕೆಲಸವೆನ್ನೋಣ. ನಡುರಾತ್ರಿಯಲ್ಲಿ ನಿದ್ದೆಗಣ್ಣಿನ ತರುಣನು ಆತುರಪಟ್ಟು 9ನ್ನು ಪ್ರಯೋಗಿಸಿದರೆ ಲೆಕ್ಕವು ಅರ್ಧಕ್ಕೇ ನಿಲ್ಲುವುದು. ಅದರ ಬಿಸಿ ತಟ್ಟುವುದು ದಾಸರಹಳ್ಳಿಯ ಬಾಡಿಗೆ ಮನೆಗಳಿಗೆ. ಮೊದಲು 15, ತರುವಾಯ ಕೆಲವು ಕ್ಷಣಗಳ ಕಾಯುವಿಕೆ, ಇನ್ನೂ ಉಸಿರಾಡುತ್ತಿದ್ದರೆ ಮಾತ್ರ 9. ಈ ಕಾಯುವ ಸಾಲೊಂದನ್ನು ಬರೆಯುವ ತಾಳ್ಮೆ ಎಷ್ಟೋ ಮಂದಿಗೆ ಇರುವುದಿಲ್ಲ.

ಸತ್ತ ಮೇಲೂ ಒಂದು ಕರ್ತವ್ಯವುಂಟು. ಹುಟ್ಟಿಸಿದವನು ಬಂದು ಮರಣವನ್ನು ವಿಚಾರಿಸದಿದ್ದರೆ ಸತ್ತುದರ ಅಂಕಿಯು ಪಟ್ಟಿಯಲ್ಲಿಯೇ ಉಳಿಯುವುದು. ಅಂಥದನ್ನು ಜಾಂಬಿ ಎನ್ನುವರು. ಹುಟ್ಟಿಸಿದವನೇ ಮುಂಚೆ ಹೋದರೆ, ಸಾಮಾನ್ಯವಾಗಿ 1ನೆಯ ಅಂಕಿಯ ಆದಿಕೆಲಸವು ಆ ಅನಾಥನನ್ನು ದತ್ತು ತೆಗೆದುಕೊಂಡು, ಕಾಲ ಬಂದಾಗ ಅದರ ಉತ್ತರಕ್ರಿಯೆಯನ್ನು ತಾನೇ ನಡೆಸುವುದು.