ಸೌಟು ಹಿಡಿದ ಕೈ, ಸಹಿ ಹಾಕುವ ಕೈ

ಜನವರಿ 3 ಬಂತೆಂದರೆ ಸಾವಿತ್ರಿಬಾಯಿ ಫುಲೆಯ ಪಟಕ್ಕೆ ಹಾರ ಬೀಳುತ್ತದೆ. ಭಾಷಣದವರು 'ಅಕ್ಷರದವ್ವ' ಅಂತಾರೆ, ಮರುಗಳಿಗೆಗೆ 'ಜೋತಿಬಾರ ಆದರ್ಶ ಪತ್ನಿ' ಅಂತ ಮುಗಿಸ್ತಾರೆ. 1890ರಲ್ಲಿ ಗಂಡ ತೀರಿದ ಮೇಲೆ ಸತ್ಯಶೋಧಕ ಸಮಾಜವನ್ನು ಮುನ್ನಡೆಸಿದವಳು, 1893ರ ಸಾಸವಡ ಅಧಿವೇಶನದ ಅಧ್ಯಕ್ಷೆ ಈಕೆ. ಅದನ್ನು ನಮ್ಮ ಸಂಘಟನೆಯ ಅಣ್ಣಂದಿರೂ ಹೇಳೋದಿಲ್ಲ. ಪಾಠ ಹೇಳಲು ಹೆಂಗಸು ಬೇಕು, ಮುಂದೆ ನಿಲ್ಲಲು ಬೇಡ.

ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗರ ಹುಡುಗಿ ಮುಕ್ತಾ ಸಾಳ್ವೆ 1855ರಲ್ಲಿ, 14ರ ವಯಸ್ಸಿಗೆ, ಮಾಂಗ-ಮಹಾರರ ದುಃಖದ ಮೇಲೆ ಪ್ರಬಂಧ ಬರೆದಳು. ಸೂರಿಲ್ಲದೆ ಹೆರುವ ತನ್ನ ಜನದ ಹೆಂಗಸರ ನೋವನ್ನೂ ಅದರಲ್ಲಿಟ್ಟಳು. ನಮ್ಮ ಬೇಡಿಕೆಪಟ್ಟಿಗಳಲ್ಲಿ ಆ ನೋವು ಇವತ್ತಿಗೂ ಕೊನೆಯ ಸಾಲು.

ನಾವಿಬ್ಬರು ಕೇರಿಯಿಂದ ಬಂದ ಮೇಡಂಗಳು. ನಾವೇ ನಡೆಸುವ ಹಳ್ಳಿ ಶಾಲೆ. ಹೆಡ್‌ಮಾಸ್ತರ ಕುರ್ಚಿಗೆ ನಾವು ಬರೀ ಇನ್‌ಚಾರ್ಜು. ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ 2002ರಲ್ಲಿ ಶುರುವಾಯಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ 2004ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಕೋರ್ಟಿನ ಮಾತು ಒಲೆತನಕ ಬರೋಷ್ಟರಲ್ಲಿ ಊರು ಅಡ್ಡ ನಿಂತಿರುತ್ತದೆ. ನಮ್ಮ ಕೇರಿಯ ಅಕ್ಕ ಸಾರಿಗೆ ಒಗ್ಗರಣೆ ಹಾಕಿದ ಮಾರನೇ ದಿನ ಊರಮಕ್ಕಳು ಮನೆಯಿಂದ ಬುತ್ತಿ ತಂದರು. ಹಿರೀಕರು ಬಂದರು. 'ಏನ್ ಮೇಡಂ, ಊರಿನ ರೀತಿ ನೋಡ್ಕಂಡು ಹೋಗಿ. ಆಯಮ್ಮನ್ನ ಕಸ ಗುಡಿಸೋಕೆ ಹಾಕ್ಕಳಿ' ಅಂದರು. ಆಕೆಯನ್ನು ಬಿಡಿಸುವ ಕಾಗದ ಅವರೇ ಬರೆದು ತಂದಿದ್ದರು, ಸಹಿಯೊಂದು ನಮ್ಮದು ಬೇಕಿತ್ತು.

ಹಾಕಲಿಲ್ಲ.

ಮೇಲಿನ ಸಾಹೇಬರು 'ಜಗಳ ಯಾಕಮ್ಮಾ' ಅಂದರು. ಗಂಡಸು ನಿಂತರೆ ನಿಷ್ಠುರ, ಹೆಂಗಸು ನಿಂತರೆ ಜಗಳ! ದಿನಾ ಮಧ್ಯಾಹ್ನ ನಾವೇ ಮೊದಲು ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲಿ ಕೂತೆವು. ಮೊದಲು ಹೆಣ್ಣುಮಕ್ಕಳು ಬಂದು ಪಕ್ಕ ಕೂತರು. ಜಾತಿ ಕಾಯಲು ಬುತ್ತಿ ಕಟ್ಟಬೇಕಾದವಳು ತಾಯಿ; ಕೂಲಿಗೆ ಹೊತ್ತಾಗುವವಳೂ ಅವಳೇ. ಊರ ಗೌಡರ ಮರ್ಯಾದೆ ಅವಳ ಬೆಳಗಿನ ನಿದ್ದೆ ತಿನ್ನುತ್ತಿತ್ತು. ಗಂಡುಮಕ್ಕಳು ಬರೋದು ತಡವಾಯ್ತು. ಇನ್ನೂ ಬಾರದವರು ಇದ್ದಾರೆ.

ಅಡುಗೆ ಅಕ್ಕನಿಗೆ ಸರ್ಕಾರ ಕೊಡೋದು ಸಂಬಳವಲ್ಲ, ಗೌರವಧನ. ಹೆಸರಲ್ಲಿ ಮಾತ್ರ ಗೌರವ. ಬೇಳೆ ಎಷ್ಟು, ಎಣ್ಣೆ ಎಷ್ಟು ಅಂತ ಎಸ್‌ಡಿಎಂಸಿ ಸಭೆ ಲೆಕ್ಕ ಕೇಳುತ್ತದೆ. ಆಗ ಆಕೆ ಬಾಗಿಲಾಚೆ ನಿಂತು ಉತ್ತರ ಕೊಡಬೇಕು. ಮುಂದಿನ ಸಭೆಗೆ ಆಕೆಗೂ ಕುರ್ಚಿ ಹಾಕಬೇಕು ಅಂತ ಬರೆದು ಕೊಟ್ಟಿದ್ದೇವೆ. ಅದಕ್ಕೆ ನಾವಿಬ್ಬರೂ ಸಹಿ ಹಾಕಿದ್ದೇವೆ, ಅಕ್ಕ ಹೆಬ್ಬೆಟ್ಟು ಒತ್ತಿದ್ದಾಳೆ. ಇನ್ನೂ ಉತ್ತರ ಬಂದಿಲ್ಲ.