ಹುಲ್ಲಿನಡಿಯ ವಾಡೆ

ವಾರಮ್ ಪರ್ಸಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಒಂದು ಹಾಳೂರು. ಮಧ್ಯಾಹ್ನ 12. ಕಾರು ನಿಲ್ಲಿಸಿ ಮುಕ್ಕಾಲು ಮೈಲಿ ನಡೆದು ಬಂದಿದ್ದಾಯಿತು. ಇಲ್ಲಿನ ಮ್ಯಾನರ್, ಅಂದರೆ ಊರೊಡೆಯನ ಮನೆ, ಹೆಚ್ಚುಕಡಿಮೆ ನಮ್ಮ ದೇಸಾಯರ ವಾಡೆ ಅಂದುಕೊಂಡಿದ್ದೆ. ಕಂಡದ್ದು ಹುಲ್ಲು, ದನ, ಅಲ್ಲಲ್ಲಿ ಉಬ್ಬುತಗ್ಗು. ವಾಡೆಯ ಮೇಲೆಯೇ ನಿಂತು ವಾಡೆ ಎಲ್ಲಿ ಎಂದು ಹುಡುಕಿದೆ.

ಲೆಕ್ಕ ಇಷ್ಟು: ಉಬ್ಬಿದ್ದರೆ ಗೋಡೆಯ ಬುಡ, ನಡುವಿನ ತಗ್ಗು ಕೋಣೆ. ಉದ್ದಕ್ಕೆ ಹಳ್ಳದಂತೆ ಹೋಗಿರುವುದು ಬೀದಿ. ಜನ, ಗಾಡಿ, ದನ ತುಳಿದು ತುಳಿದೇ ಹೂತುಹೋದದ್ದು.

ಇಷ್ಟು ಸಣ್ಣ ಊರಿಗೆ ಎರಡು ವಾಡೆ! ಉತ್ತರದ ತುದಿಯದ್ದು ದಿಬ್ಬವಾಗಿ ಕಾಣುತ್ತದೆ. ದಕ್ಷಿಣದ್ದರ ಕತೆ ಬೇರೆ. ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್, ಆಮೇಲೆ ಅವರ ಜೊತೆಗೂಡಿದ ಪುರಾತತ್ವಜ್ಞ ಜಾನ್ ಹರ್ಸ್ಟ್ 1950ರಿಂದ 1990ರವರೆಗೆ ಬೇಸಿಗೆ ಬೇಸಿಗೆಗೂ ಇಲ್ಲಿ ಅಗೆಸಿದರು. ರೈತನ ಮನೆ ಎಂದು ಅಗೆಯುತ್ತಾ ಹೋದರೆ, ಅದರಡಿಯಲ್ಲಿ ಸಿಕ್ಕಿದ್ದು 12ನೇ ಶತಮಾನದ ಒಡೆಯನ ಕಲ್ಲಿನ ನೆಲಮಾಳಿಗೆ. ಒಡೆಯನ ಉಗ್ರಾಣದ ನೆತ್ತಿಯ ಮೇಲೆ ಸಂಸಾರ ಹೂಡಿದ ಆ ರೈತನಿಗೆ ಕೆಳಗೇನಿದೆ ಅಂತ ಗೊತ್ತಿತ್ತೇ? ಅವರಜ್ಜನಾದರೂ ಹೇಳಿರಬಹುದಲ್ಲ.

ಊರು ಹಾಳಾಗಿದ್ದು ಪ್ಲೇಗಿನಿಂದ ಅಂದುಕೊಂಡೇ ಬಂದಿದ್ದೆ. ತಪ್ಪು. 1348-49ರ ಮಾರಿಯ ನಂತರವೂ ಇಲ್ಲಿ ಒಲೆ ಉರಿದಿದೆ. ಕೊನೆಯ ಮನೆಗಳು ಬರಿದಾದದ್ದು 1500ರ ಆಸುಪಾಸಿನಲ್ಲಿ. ಜಮೀನುದಾರರಿಗೆ ಬೆಳೆಗಿಂತ ಉಣ್ಣೆಯೇ ಲಾಭ. ರೈತ ಹೋದ, ಕುರಿ ಬಂತು. ನಮ್ಮ ಕಂದಾಯದವರ ಮಾತಿನಲ್ಲಿ ಹೇಳುವುದಾದರೆ ಬೇಚರಾಕ್ ಗ್ರಾಮ, ಜನರಿಲ್ಲದ ಊರು.

ಉಳಿದಿರುವುದು ಸಂತ ಮಾರ್ಟಿನ್ನನ ಚರ್ಚು, ಅದೂ ಸೂರಿಲ್ಲದೆ, ಅರ್ಧ ಗೋಪುರ ಕಳಚಿಕೊಂಡು. ಊರು ಹೋದಮೇಲೂ ನೆರೆಹಳ್ಳಿಯವರು ಅದನ್ನು ಬಳಸುತ್ತಿದ್ದರು. ಒಡೆಯನ ಮನೆಗೆ ಅಂಥ ನೆರೆಯವರು ಯಾರೂ ಇರಲಿಲ್ಲ ಅನ್ನಿಸುತ್ತೆ.

ಮೊಲದ ಬಿಲದ ಬಾಯಲ್ಲಿ ಮುಷ್ಟಿಗಾತ್ರದ ಬಿಳಿಕಲ್ಲು. ಉಗುರಿನಿಂದ ಕೆರೆದರೆ ಬಳಪದಂತೆ ಪುಡಿ ಉದುರುತ್ತದೆ. ಈ ಗುಡ್ಡವೆಲ್ಲ ಇದೇ ಕಲ್ಲು, ಇಲ್ಲಿನ ಮನೆಗಳ ಗೋಡೆಗೂ ಇದೇ. ಮೊಲ ಎಳೆದು ಹಾಕಿದ್ದು ಗುಡ್ಡವನ್ನೋ, ಯಾರದೋ ಗೋಡೆಯನ್ನೋ?

ಸಂಜೆ 5. ಬಿಸಿಲು ಓರೆಯಾಗಿದೆ. ನೆತ್ತಿಬಿಸಿಲಲ್ಲಿ ಕಾಣದೇ ಹೋದ ಮೂಲೆ, ಬಾಗಿಲು, ಅಂಗಳ ಎಲ್ಲಕ್ಕೂ ಈಗ ನೆರಳು ಬಿದ್ದು ನಕ್ಷೆ ಬರೆದ ಹಾಗಿದೆ. ಪುಸ್ತಕ ತೆಗೆದು ಹೆಜ್ಜೆ ಎಣಿಸತೊಡಗಿದೆ. ಈ ಬದಿ ಹದಿನಾಲ್ಕು. ಆ ಬದಿ ಎಣಿಸಲಾಗಲಿಲ್ಲ. ನಡುಮನೆ ಇರಬೇಕಾದ ಜಾಗದಲ್ಲಿ ಹಸುವೊಂದು ಮಲಗಿ ಮೆಲುಕು ಹಾಕುತ್ತಿದೆ. ನಾನು ಹತ್ತಿರ ಹೋದರೂ ಏಳುವ ಲಕ್ಷಣವಿಲ್ಲ.