ಸುಣ್ಣದ ಗೆರೆ

ನಾವು ಸ್ವಿಟ್ಜರ್ಲೆಂಡಿಗೆ ಹೊರಡಲು ಮುಖ್ಯ ಕಾರಣ, ಮಗಳಿಗೆ ಹದಿನಾರು ತುಂಬಲು ಎರಡೇ ತಿಂಗಳು ಬಾಕಿ ಇದ್ದದ್ದು. ಆ ದೇಶದಲ್ಲಿ ಅಪ್ಪ ಅಮ್ಮನ ಕೈಯಲ್ಲಿ ಪಾಸ್ ಇದ್ದರೆ ಹದಿನಾರರೊಳಗಿನ ಮಕ್ಕಳಿಗೆ ರೈಲು, ಬಸ್ಸು, ದೋಣಿ ಎಲ್ಲವೂ ಪುಕ್ಕಟೆ ಎಂದು ಹೆಂಡತಿ ಎಲ್ಲೋ ಓದಿದಳು. ಓದಿದ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಒಬ್ಬಳ ಟಿಕೆಟ್ ಉಳಿಸಲಿಕ್ಕೆ ನಾಲ್ಕು ಜನರ ಖರ್ಚು ಹೊರುವುದು ಯಾವ ಸೀಮೆ ಲೆಕ್ಕ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಇದ್ದಿದ್ದರೂ ಕೇಳುತ್ತಿರಲಿಲ್ಲ. ನನಗೂ ನನ್ನದೇ ಒಂದು ಕಾರಣವಿತ್ತು.

ಸಾಗರದ ಹತ್ತಿರ ನಮ್ಮ ಹಳ್ಳಿಮನೆಯ ಜಗುಲಿಯಲ್ಲಿ 1981ರ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಅಡಿಕೆ ಮಂಡಿಯವರು ಕೊಟ್ಟದ್ದು. ವರ್ಷ ಮುಗಿದ ಮೇಲೆ ಅಪ್ಪ ತಾರೀಖಿನ ಹಾಳೆಗಳನ್ನು ಕಿತ್ತು ನಮ್ಮ ಪಠ್ಯಪುಸ್ತಕಗಳಿಗೆ ಹೊದಿಸಿ, ಚಿತ್ರವನ್ನು ಮಾತ್ರ ಮೊಳೆಯಲ್ಲೇ ಉಳಿಸಿಕೊಂಡರು. ಚೂಪು ಗೋಪುರದ ಒಂದು ಚರ್ಚು, ನಾಲ್ಕಾರು ಮರದ ಮನೆಗಳು, ನಂಬಲಾಗದಷ್ಟು ಹಸಿರು ಹುಲ್ಲು, ಹಿಂದೆ ಗೋಡೆ ಎಬ್ಬಿಸಿದಂಥ ಬಂಡೆ. ಆ ಬಂಡೆಯ ನೆತ್ತಿಯಿಂದ ಕೆಳಕ್ಕೆ ಒಂದು ಬಿಳಿ ಗೆರೆ.

ಆ ಗೆರೆ ನಮ್ಮ ಮನೆಯ ಮೂವತ್ತು ವರ್ಷಗಳ ವ್ಯಾಜ್ಯ. ಅಪ್ಪ ಅದನ್ನು ಜಲಪಾತ ಎನ್ನುತ್ತಿದ್ದರು. ಅಮ್ಮನ ಪ್ರಕಾರ ಅದು ಸುಣ್ಣ. ಆ ವರ್ಷ ದೀಪಾವಳಿಗೆ ಗೋಡೆಗೆ ಸುಣ್ಣ ಬಳಿದವಳು ಅವಳೇ. ಕ್ಯಾಲೆಂಡರ್ ತೆಗೆದಿಡಲು ಮರೆತು ಬಳಿದಿದ್ದಳು. ಕುಂಚದಿಂದ ಸೋರಿದ್ದನ್ನು ತನ್ನ ಕಣ್ಣಾರೆ ಕಂಡಿದ್ದೇನೆ ಎಂದು ದೇವರ ಮೇಲೆ ಆಣೆಯಿಟ್ಟು ಹೇಳುತ್ತಿದ್ದಳು. ಅಷ್ಟಕ್ಕೇ ಬಿಡದೆ ಒದ್ದೆ ಬಟ್ಟೆ ತಗೊಂಡು ಉಜ್ಜಿ ಉಜ್ಜಿ ಆ ಜಾಗದಲ್ಲಿ ಕಾಗದ ನವಿರೆದ್ದು ಗೆರೆ ಇನ್ನಷ್ಟು ಬೆಳ್ಳಗಾಯಿತು. ಅಪ್ಪ ಚಿತ್ರವನ್ನು ಅವಳ ಕೈಗೆಟುಕದ ಎತ್ತರಕ್ಕೆ ಏರಿಸಿದರು. ‘ಇದು ಸ್ವಿಟ್ಜರ್ಲೆಂಡು. ಅಲ್ಲಿ ಹೀಗೇ ಇರೋದು’ ಎಂದರೆ, ‘ಹೌದು, ನೀವು ಹೋಗಿ ನೋಡಿ ಬಂದ್ರಿ’ ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಅಪ್ಪ ಹೋಗಿರಲಿಲ್ಲ. ಪ್ರೈಮರಿ ಶಾಲೆ ಮೇಷ್ಟರು ಎಲ್ಲಿಗೆ ಹೋದಾರು? ಶಾಲೆಯ ಕಪಾಟಿನಿಂದ ಕಾರಂತರ ‘ಅಪೂರ್ವ ಪಶ್ಚಿಮ’ ತಂದು ಓದಿದ್ದರು. ಟೆಂಟಿನಲ್ಲಿ ನಮ್ಮನ್ನೆಲ್ಲ ಕೂರಿಸಿ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ತೋರಿಸಿದ್ದರು. ಕನ್ನಡ ಸಿನಿಮಾ ಮೊದಲ ಬಾರಿಗೆ ಹೊರದೇಶಕ್ಕೆ ಹೋದದ್ದು ಅದರಲ್ಲೇ, 1978ರಲ್ಲಿ. ನಮ್ಮ ಮನೆಯವರ ವಿದೇಶ ಪ್ರವಾಸವೂ ಅಲ್ಲಿಗೇ ಮುಗಿದಿತ್ತು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮರುವರ್ಷ ಮನೆಗೆ ಡಿಸ್ಟೆಂಪರ್ ಹೊಡೆಸಿದಾಗ ಆ ಚಿತ್ರ ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ.

ವೀಸಾದ ಅರ್ಜಿಯಲ್ಲಿ ಯಾವ ರಾತ್ರಿ ಯಾವ ಊರಿನ ಯಾವ ಕೋಣೆಯಲ್ಲಿ ಮಲಗುತ್ತೀರಿ ಎಂಬುದರಿಂದ ಹಿಡಿದು ಬ್ಯಾಂಕಿನ ಪಾಸ್‌ಬುಕ್ಕಿನವರೆಗೆ ಎಲ್ಲವನ್ನೂ ಒಪ್ಪಿಸಿದೆವು. ‘ಹೆಣ್ಣು ಕೊಡುವಾಗಲೂ ನಮ್ಮಪ್ಪ ಇಷ್ಟು ವಿಚಾರಿಸಿರಲಿಲ್ಲ’ ಎಂದಳು ಅಮ್ಮ. ಎಪ್ಪತ್ತನಾಲ್ಕರ ಅವಳಿಗೆ ಈ ಪ್ರವಾಸದಲ್ಲಿ ಇದ್ದ ಒಂದೇ ಆಸಕ್ತಿ ಮೊಮ್ಮಗಳ ಜೊತೆ ಒಂಬತ್ತು ದಿನ ಇರಬಹುದು ಎಂಬುದು. ಸೂಟ್‌ಕೇಸಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ ಸೇರಿದವು. ತುಪ್ಪವೂ ಸೇರಿತ್ತು. ನಮ್ಮಂಥ ದೇಶಗಳಿಂದ ಹಾಲಿನ ಪದಾರ್ಥ ತರುವಂತಿಲ್ಲ ಎಂದು ಮಗಳು ಫೋನಿನಲ್ಲಿ ಓದಿ ಹೇಳಿದ ಮೇಲೆ, ತುಪ್ಪಕ್ಕೊಂದು ವೀಸಾ ಸಿಗದೆ ಡಬ್ಬಿ ಪಕ್ಕದ ಮನೆಗೆ ಹೋಯಿತು.

ಬರ್ನ್ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಅಮ್ಮ ಪ್ಲಾಟ್‌ಫಾರಂ ಗಡಿಯಾರದ ಮುಂದೆ ನಿಂತುಬಿಟ್ಟಳು. ಅಲ್ಲಿಯ ರೈಲ್ವೆ ಗಡಿಯಾರದ ಸೆಕೆಂಡಿನ ಮುಳ್ಳು ಕೆಂಪಗೆ, ತುದಿಯಲ್ಲಿ ತಟ್ಟೆ ಅಂಟಿಸಿದ ಹಾಗಿರುತ್ತದೆ. ಐವತ್ತೆಂಟು ಚಿಲ್ಲರೆ ಸೆಕೆಂಡಿನಲ್ಲೇ ಸುತ್ತು ಮುಗಿಸಿ ಹನ್ನೆರಡರ ಮೇಲೆ ಬಂದು ನಿಲ್ಲುತ್ತದೆ. ಎಲ್ಲ ಗಡಿಯಾರಗಳಿಗೂ ಒಟ್ಟಿಗೆ ನಿಮಿಷದ ಸಂಕೇತ ಬಂದ ಮೇಲೆ ಮುಂದಕ್ಕೆ ಹೊರಡುತ್ತದೆ. ಎಲ್ಲವೂ ಒಂದೇ ಹೊತ್ತು ತೋರಿಸಲಿ ಎಂದು ಮಾಡಿದ ಏರ್ಪಾಡು. ಈ ತಾಂತ್ರಿಕ ವಿವರಣೆಯನ್ನು ನಾನು ಕೊಟ್ಟೆ. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ. ‘ಪಾಪ, ಓಡಿ ಓಡಿ ಉಸಿರು ತಗೊಳ್ತಾ ಇದೆ ಕಣೋ’ ಎಂದಳು. ನಮ್ಮ ರೈಲು ತಪ್ಪಿತು. ಅರ್ಧ ಗಂಟೆಗೆ ಇನ್ನೊಂದು ಬಂತು.

ಹೆಂಡತಿ ಎಲ್ಲವನ್ನೂ ನೂರರಿಂದ ಗುಣಿಸುತ್ತಿದ್ದಳು. ಆಗ ಒಂದು ಫ್ರಾಂಕಿಗೆ ನೂರರ ಆಸುಪಾಸು ಇತ್ತು. ಹಾಗಾಗಿ ಐದು ಫ್ರಾಂಕಿನ ಕಾಫಿ ಗಂಟಲಲ್ಲಿ ಐನೂರು ರೂಪಾಯಿಯಾಗಿ ಇಳಿಯುತ್ತಿತ್ತು. ಬೀದಿ ಬೀದಿಯ ಕಲ್ಲುತೊಟ್ಟಿಗಳಲ್ಲಿ ಸಿಹಿನೀರು ಸುಮ್ಮನೆ ಹರಿಯುತ್ತಿರುತ್ತದೆ, ಬೊಗಸೆಯೊಡ್ಡಿ ಕುಡಿಯಬಹುದು. ಶೌಚಾಲಯದ ಬಾಗಿಲಲ್ಲಿ ಮಾತ್ರ ನಾಣ್ಯ ಹಾಕಬೇಕು. ‘ಕುಡಿಯೋಕೆ ಪುಕ್ಕಟೆ, ಹೊಯ್ಯೋಕೆ ದುಡ್ಡು. ಇದು ಯಾವ ಊರೋ ಮಾರಾಯ’ ಎಂದು ಅಮ್ಮ ಎರಡನೇ ದಿನದಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ನಾವು ಉಳಿದದ್ದು ಇಂಟರ್‌ಲಾಕೆನ್‌ನಲ್ಲಿ. ಟೂನ್ ಮತ್ತು ಬ್ರೀನ್ಸ್ ಎಂಬ ಎರಡು ಸರೋವರಗಳ ನಡುವಿನ ಊರು, ಹೆಸರಿನ ಅರ್ಥವೂ ಅದೇ. ಅಲ್ಲಿಯ ಉದ್ಯಾನದಲ್ಲಿ ಹಿಂದಿ ಸಿನಿಮಾದ ಯಶ್ ಚೋಪ್ರಾ ಅವರ ಕಂಚಿನ ಪ್ರತಿಮೆ ಇದೆ, 2016ರಲ್ಲಿ ನಿಲ್ಲಿಸಿದ್ದು. ಅವರ ಸಿನಿಮಾಗಳು ಕಳಿಸಿದ ಪ್ರವಾಸಿಗಳ ಲೆಕ್ಕ ನೋಡಿದರೆ ಪ್ರತಿಮೆ ಅಗ್ಗವೇ. ‘ಯಾರಿವರು, ಇಲ್ಲಿಯ ಶಾಸಕರಾ?’ ಎಂದಳು ಅಮ್ಮ. ಮಗಳು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತಳು.

ಯುಂಗ್‌ಫ್ರಾವ್‌ಯೋಖ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಯಾಕೆಂದರೆ ಹೆಚ್ಚು ಕಾಣಲಿಲ್ಲ. ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ, 3,454 ಮೀಟರ್. ಪಾಸ್ ಇದ್ದವರೂ ಬೇರೆ ದುಡ್ಡು ತೆರಬೇಕು. ಏಳು ಕಿಲೋಮೀಟರಿನಷ್ಟು ಸುರಂಗದಲ್ಲಿ ಬೆಟ್ಟದ ಹೊಟ್ಟೆಯೊಳಗೇ ಹತ್ತಿ ಮೇಲೆ ಹೋಗಿ ಬಾಗಿಲು ತೆಗೆದರೆ ಎದುರಿಗೆ ಹಾಲು ಚೆಲ್ಲಿದ ಹಾಗೆ ಮಂಜು. ನನ್ನ ಕೈ ನನಗೆ ಕಾಣಿಸದು. ‘ಇದನ್ನು ಆಗುಂಬೆಯಲ್ಲಿ ಬಸ್ ಚಾರ್ಜಿಗೆ ತೋರಿಸ್ತಾರೆ’ ಎಂದಳು ಅಮ್ಮ. ಈ ರೈಲಿನ ಕನಸು ಕಂಡವನು ಆಡೋಲ್ಫ್ ಗೂಯರ್ ಟ್ಸೆಲ್ಲರ್ ಎಂಬ ಉದ್ಯಮಿ. 1896ರಲ್ಲಿ ಕೆಲಸ ಶುರುವಾಯಿತು, 1912ರಲ್ಲಿ ಮೊದಲ ರೈಲು ಮೇಲೆ ತಲುಪಿತು. ಅವನು 1899ರಲ್ಲೇ ತೀರಿಕೊಂಡಿದ್ದ. ಮಂಜಿನಲ್ಲಿ ನಿಂತು ಆ ಮೂರು ಇಸವಿಗಳನ್ನು ಫಲಕದ ಮೇಲೆ ಎರಡು ಸಲ ಓದಿದೆ. ಬೇರೆ ಓದಲಿಕ್ಕೆ, ನೋಡಲಿಕ್ಕೆ ಏನೂ ಇರಲಿಲ್ಲವಲ್ಲ.

ನನ್ನ ಕಾರಣ ಮರುದಿನ ಇತ್ತು. ಲೌಟರ್‌ಬ್ರುನೆನ್. ಅಪ್ಪನ ಕ್ಯಾಲೆಂಡರಿನ ಊರು ಅದೇ ಎಂದು ವರ್ಷಗಳ ಹಿಂದೆ ಒಂದು ಪತ್ರಿಕೆಯ ಚಿತ್ರ ನೋಡಿ ಪತ್ತೆ ಮಾಡಿದ್ದೆ; ಅಮ್ಮನಿಗೆ ಹೇಳಿರಲಿಲ್ಲ. ಚರ್ಚಿನ ಮುಂದೆ ಅವಳನ್ನು ನಿಲ್ಲಿಸಿ, ಬಂಡೆಯ ಕಡೆ ತಿರುಗಿಸಿ, ಅವಳ ಮುಖವನ್ನು ನೋಡಬೇಕು. ಫೋಟೋ ತೆಗೆಯಬೇಕೋ ಬೇಡವೋ ಎಂಬುದನ್ನೂ ಯೋಚಿಸಿಟ್ಟಿದ್ದೆ. ಬೇಡ ಎಂದು ತೀರ್ಮಾನಿಸಿದ್ದೆ. ನಲವತ್ತು ವರ್ಷ ಕಾದ ಮುಖವನ್ನು ಫೋನಿನ ಹಿಂದೆ ನಿಂತು ನೋಡಬಾರದು.

ಇಂಟರ್‌ಲಾಕೆನ್‌ನಿಂದ ಇಪ್ಪತ್ತೇ ನಿಮಿಷದ ದಾರಿ. ಹಿಮ್ಮುಖವಾಗಿ ಕೂತರೆ ಅಮ್ಮನಿಗೆ ವಾಂತಿ ಬರುತ್ತದೆ. ಮುಮ್ಮುಖದ ಸೀಟು ಹುಡುಕುತ್ತ ಅವಳೂ ಮಗಳೂ ಪ್ಲಾಟ್‌ಫಾರಂನಲ್ಲಿ ಮುಂದೆ ಮುಂದೆ ಹೋದರು. ನಾವಿಬ್ಬರು ಅಂಗಡಿಯ ಬಿಲ್ಲಿನಲ್ಲಿ ನಲವತ್ತು ಸೆಂಟೀಮ್ ಹೆಚ್ಚಿಗೆ ಹಿಡಿದಿದ್ದಾರೋ ಇಲ್ಲವೋ ಎಂಬ ಚರ್ಚೆ ಮುಗಿಸಿ, ಬಾಗಿಲು ಮುಚ್ಚುವ ಮುಂಚೆ ಸಿಕ್ಕಿದ ಡಬ್ಬಿಗೆ ಹತ್ತಿದೆವು. ಎಲ್ಲರೂ ಒಂದೇ ರೈಲಿನಲ್ಲಿದ್ದೇವೆ, ಇಳಿದ ಮೇಲೆ ಸೇರಿದರಾಯಿತು.

ಆ ರೈಲಿಗೆ ಒಂದು ಗುಣವಿದೆ. ತ್ಸ್ವೈಲ್ಯೂಚಿನೆನ್ ಎಂಬ ನಿಲ್ದಾಣದಲ್ಲಿ ಅದು ಎರಡಾಗುತ್ತದೆ. ಒಂದು ಅರ್ಧ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಅರ್ಧ ಗ್ರಿಂಡೆಲ್‌ವಾಲ್ಡ್‌ಗೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಒಳಗೆ ಇಂಗ್ಲಿಷಿನಲ್ಲಿ ಹೇಳುತ್ತಾರೆ ಕೂಡ, ನಾವಾಗ ಸೆಂಟೀಮಿನಲ್ಲಿದ್ದೆವು. ಬಿಳಿ ಲ್ಯೂಚಿನೆ, ಕಪ್ಪು ಲ್ಯೂಚಿನೆ ಎಂಬ ಎರಡು ಹೊಳೆಗಳು ಕೂಡುವ ಜಾಗ ಅದು, ನಮ್ಮ ತುಂಗೆ ಭದ್ರೆಯರಿಗೆ ಕೂಡಲಿ ಇದ್ದ ಹಾಗೆ. ಹೊಳೆಗಳು ಕೂಡಿದಲ್ಲಿ ನಾವು ಅಗಲಿದೆವು. ಪಕ್ಕದ ಹಳಿಯ ಮೇಲೆ ಒಂದು ರೈಲು ನಿಧಾನಕ್ಕೆ ಬಲಕ್ಕೆ ತಿರುಗುತ್ತಿರುವುದನ್ನು ಹೆಂಡತಿ ತೋರಿಸಿ, ‘ನೋಡಿ, ಎಷ್ಟು ಚೆಂದ’ ಎಂದಳು. ಅದರ ಕಿಟಕಿಯಲ್ಲಿ ನಮ್ಮ ಅಮ್ಮ ಕೂತಿದ್ದಳು. ಮುಮ್ಮುಖವಾಗಿಯೇ.

ಗ್ರಿಂಡೆಲ್‌ವಾಲ್ಡ್‌ಗೆ ಹೋಗಿ, ಇಳಿದು, ಕಾದು, ಹಿಂದಕ್ಕೆ ಬಂದು, ಮತ್ತೆ ಕಾದು, ಮತ್ತೆ ಹತ್ತಿ ಲೌಟರ್‌ಬ್ರುನೆನ್ ಮುಟ್ಟುವಾಗ ಒಂದೂವರೆ ಗಂಟೆ ಕಳೆದಿತ್ತು. ಹೆಂಡತಿ ಆ ಹೊತ್ತಿನುದ್ದಕ್ಕೂ ಏನನ್ನೂ ಗುಣಿಸಲಿಲ್ಲ. ಮಗಳ ಫೋನ್ ಬಂದಿತ್ತು: ‘ನಾವು ಆರಾಮ ಇದೀವಿ. ಚರ್ಚ್ ದಾಟಿ ಬೆಂಚ್ ಮೇಲೆ.’

ಊರಿನ ಒಂದೇ ಬೀದಿಯಲ್ಲಿ ಓಡುನಡಿಗೆಯಲ್ಲಿ ಹೊರಟೆ. ಗೋಪುರ ಬಂತು. ಮರದ ಮನೆಗಳು ಬಂದವು. ಎಲ್ಲ ಅಪ್ಪ ಮೊಳೆಗೆ ತೂಗಿದ ಹಾಗೇ ಇದ್ದವು, ಒಂದಿಷ್ಟು ಹೋಟೆಲ್ ಬೋರ್ಡು ಹೆಚ್ಚಾಗಿದ್ದವು ಅಷ್ಟೇ. ಹಿಂದಿನ ಬಂಡೆಯ ನೆತ್ತಿಯಿಂದ ಸ್ಟೌಬ್‌ಬಾಖ್ ಇಳಿಯುತ್ತಿತ್ತು. ಎತ್ತರ ಸುಮಾರು 297 ಮೀಟರ್. ನಮ್ಮ ಜೋಗ 253. ಸಾಗರ ತಾಲೂಕಿನವನಿಗೆ ಇದು ನುಂಗಲಾರದ ತುತ್ತು. ಆದರೆ ಜೋಗ ಬೀಳುತ್ತದೆ, ಇದು ಉದುರುತ್ತದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ನೀರೆಲ್ಲ ಪುಡಿಯಾಗಿ, ಗಾಳಿ ಬಂದ ಕಡೆಗೆ ವಾಲಿ, ಕೆಳಗೆ ಹುಲ್ಲಿಗೆ ತುಂತುರಾಗಿ ಮುಟ್ಟುತ್ತದೆ. ಹೆಸರಿನ ಅರ್ಥವೇ ಧೂಳಿನ ಹೊಳೆ. ದೂರದಿಂದ ನೋಡಿದರೆ, ಅಮ್ಮನಾಣೆ, ಕುಂಚದಿಂದ ಸೋರಿದ ಸುಣ್ಣ.

ಅಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು ಹೊದ್ದು, ಕಾಲಿಗೆ ಮೊಮ್ಮಗಳ ಹಳೇ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬೆಂಚಿನ ಮೇಲೆ ಅವಲಕ್ಕಿ ತಿನ್ನುತ್ತಿದ್ದಳು. ಬೇಲಿಯಾಚೆ ಒಂದು ಕಂದು ಹಸು ಕತ್ತೆತ್ತಿ ಅವಳನ್ನೇ ನೋಡುತ್ತಿತ್ತು. ಅದರ ಕೊರಳಲ್ಲಿ ದೇವಸ್ಥಾನದ್ದರಷ್ಟು ದೊಡ್ಡ ಗಂಟೆ.

‘ಕಾಡಲ್ಲಿ ತಪ್ಪಿಸ್ಕೊಳ್ತಾವೆ ಅಂತ ನಮ್ಮಲ್ಲಿ ದನಕ್ಕೆ ದೊಂಟೆ ಕಟ್ತಿದ್ವಿ’ ಎಂದಳು ನನ್ನನ್ನು ನೋಡಿ. ‘ನಿಮ್ಮಿಬ್ಬರಿಗೆ ಒಂದೊಂದು ಕಟ್ಟಬೇಕಿತ್ತು.’

ನಾನು ಬಂಡೆಯನ್ನು ನೋಡಿದೆ, ಅವಳನ್ನು ನೋಡಿದೆ. ಅವಳು ಡಬ್ಬಿಯ ಮುಚ್ಚಳ ಹಾಕುವುದರಲ್ಲಿ ಮಗ್ನಳಾಗಿದ್ದಳು.

‘ಅಜ್ಜಿ ಏನಂದ್ರು?’ ಎಂದು ಮಗಳನ್ನು ಪಕ್ಕಕ್ಕೆ ಕರೆದು ಕೇಳಿದೆ.

‘ಏನಿಲ್ಲಪ್ಪ. ಚರ್ಚ್ ಹತ್ರ ಬಂದಾಗ ನಿಂತ್ಬಿಟ್ರು. ಕಾಲು ನೋವಾ ಅಂತ ಕೇಳ್ದೆ, ಮಾತಾಡ್ಲಿಲ್ಲ. ತುಂಬ ಹೊತ್ತು ನಿಂತಿದ್ರು. ಆಮೇಲೆ ಒಂದ್ಸಲ ಸುಣ್ಣ ಅಂದ್ರು.’ ಅವಳು ಫೋನಿನಿಂದ ತಲೆಯೆತ್ತಿದಳು. ‘ಎಲೆ ಅಡಿಕೆ ಬೇಕಿತ್ತೇನೋ. ಇಲ್ಲಿ ಎಲ್ಲಿ ಸಿಗುತ್ತೆ ಅಜ್ಜಿ ಅಂದೆ.’

ಆ ಮುಖ ನನಗೆ ಸಿಗಲಿಲ್ಲ. ಅದನ್ನು ಕಂಡವಳಿಗೆ ಅದು ಎಲೆ ಅಡಿಕೆಯ ಮುಖವಾಗಿತ್ತು.

ಹೊರಡುವ ಮೊದಲು ಅಮ್ಮ ನಿಲ್ದಾಣದ ಪಕ್ಕದ ಅಂಗಡಿಯ ಹೊರಗೆ ತಿರುಗುವ ಕಂಬಿಯಲ್ಲಿ ಸಿಕ್ಕಿಸಿದ್ದ ಪೋಸ್ಟ್‌ಕಾರ್ಡುಗಳನ್ನು ಒಂದೊಂದಾಗಿ ತಿರುವಿದಳು. ಒಂದನ್ನು ತೆಗೆದಳು. ಒಂದೂವರೆ ಫ್ರಾಂಕ್. ‘ನೂರೈವತ್ತು’ ಎಂದು ಹೆಂಡತಿ ಅಭ್ಯಾಸಬಲದಿಂದ ಹೇಳಿ ನಾಲಿಗೆ ಕಚ್ಚಿಕೊಂಡಳು. ಶೌಚಾಲಯಕ್ಕೆಂದು ನಾನು ಕೊಟ್ಟು, ಅವಳು ಖರ್ಚು ಮಾಡದೆ ಸೆರಗಿನ ಗಂಟಿನಲ್ಲಿ ಉಳಿಸಿಟ್ಟಿದ್ದ ನಾಣ್ಯಗಳನ್ನು ಅಮ್ಮ ಬಿಚ್ಚಿ ಎಣಿಸಿ ಕೊಟ್ಟಳು.

ಈ ಸಲ ನಾಲ್ವರೂ ಒಂದೇ ಡಬ್ಬಿಯಲ್ಲಿ, ಎದುರು ಬದುರು. ಅಮ್ಮ ಮುಮ್ಮುಖ. ತ್ಸ್ವೈಲ್ಯೂಚಿನೆನ್‌ನಲ್ಲಿ ಗ್ರಿಂಡೆಲ್‌ವಾಲ್ಡ್ ಕಡೆಯ ಅರ್ಧ ಬಂದು ತಗುಲಿಕೊಂಡಾಗ ಡಬ್ಬಿ ಸಣ್ಣಗೆ ಕುಲುಕಿತು. ಅಮ್ಮ ತೊಡೆಯ ಮೇಲಿದ್ದ ಕಾರ್ಡನ್ನು ಬೆಳಕಿಗೆ ಹಿಡಿದಳು. ಆ ಬಿಳಿ ಗೆರೆಯ ಮೇಲೆ ಹೆಬ್ಬೆರಳನ್ನು ಸೆರಗಿನ ತುದಿಯೊಳಗೆ ಸುತ್ತಿ ಮೇಲಿಂದ ಕೆಳಕ್ಕೆ ಒಂದು ಸಲ ಉಜ್ಜಿದಳು. ಇನ್ನೊಂದು ಸಲ ಉಜ್ಜಿದಳು.

‘ಅಪ್ಪ ಹೇಳಿದ್ದು ಸರಿ ಇತ್ತಲ್ಲಮ್ಮ’ ಎಂದೆ.

ಅವಳು ಕಾರ್ಡನ್ನು ಮಗುಚಿ ಹಿಂಬದಿ ನೋಡಿ, ಮತ್ತೆ ಈಚೆ ತಿರುಗಿಸಿದಳು.

‘ಇದು ನೀರು ಕಣೋ’ ಎಂದಳು. ‘ಮನೇಲಿದ್ದದ್ದು ಸುಣ್ಣ.’